ಐರಿಷ್ ದೊರೆಯ ಪಾಠ ಹೇಳಿದವರು

ತರೀಕೆರೆಯ ಖಾಸಗಿ ಕಾಲೇಜಿನ ನಮ್ಮ ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರೆ ವಾದಕ್ಕೆ ಸಿದ್ಧರೆಂದೇ ಅರ್ಥ. ಇಂಗ್ಲೆಂಡಿನ ಟ್ಯೂಡರ್ ವಂಶದ ಕಾಲದಲ್ಲಿ ಐರಿಷ್ ದೊರೆಯೊಬ್ಬ ತನ್ನ ನೆಲವನ್ನು ಅಲ್ಲಿನ ರಾಜನಿಗೆ ಬರೆದುಕೊಟ್ಟು, ಅದನ್ನೇ ‘ಅರ್ಲ್’ ಎಂಬ ಸಾಮಂತ ಪದವಿಯೊಂದಿಗೆ ಮರಳಿ ಪಡೆದದ್ದು ಅವರ ಮೆಚ್ಚಿನ ಪಾಠ.

“ನೆಲಾನೂ ಬಂತು, ಪದವಿನೂ ಬಂತು. ನಷ್ಟ ಏನು ಸಾರ್?” ಎಂದೆ.

“ಕೊಟ್ಟೋನು ಕಿತ್ಕೋಬೋದು ಕಣಯ್ಯಾ.” ವರ್ಷವಿಡೀ ಇದೇ ಉತ್ತರ.

ಮರುವರ್ಷ ಆಡಳಿತ ಮಂಡಳಿ ಇತಿಹಾಸ ವಿಭಾಗವನ್ನು ಮುಚ್ಚಲು ಹೊರಟಿತು. ಕಾಯಂ ಹುದ್ದೆಗೆ ರಾಜೀನಾಮೆ ಕೊಟ್ಟರೆ ಗುತ್ತಿಗೆಯ ಮೇಲೆ ಪ್ರಿನ್ಸಿಪಾಲ್ ಮಾಡುತ್ತೇವೆ ಎಂದಿತು. ಮೇಷ್ಟ್ರು ಸಹಿ ಹಾಕಿದರು.

ನಾನು ಬಿಡಲಿಲ್ಲ. “ಪಾಠ ಮರೆತ್ರಾ ಸಾರ್?”

“ಆ ದೊರೆಗೂ ಗೊತ್ತಿತ್ತು ಕಣಯ್ಯಾ. ಬರ್ಕೊಡದಿದ್ರೆ ಇವತ್ತೇ ಹೋಗೋದು, ಬರ್ಕೊಟ್ರೆ ನಾಳೆ,” ಎಂದವರು ಪ್ರಿನ್ಸಿಪಾಲರ ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ ಕುಳಿತರು.