ಬರಿಗೈಯ ಮಂಗಳವಾರ

ಸುಮಿತ್ರಾ ಮೇಡಂ ಅವರನ್ನು ಏನು ಕೇಳಿದರೂ ನೇರ ಉತ್ತರ ಸಿಗುತ್ತಿರಲಿಲ್ಲ. "ಮಕ್ಕಳೆಷ್ಟು ಮೇಡಂ?" ಎಂದರೆ, "ಅದು ಇವತ್ತ್ಯಾಕ ನೆನಪಾತ್ರಿ ನಿಮಗ?" ಎನ್ನುವರು. ಧಾರವಾಡದ ಕಡೆಯವರು ಎನ್ನುವುದನ್ನೂ ಅವರ ಮಾತಿನಿಂದಲೇ ನಾನು ಪತ್ತೆ ಹಚ್ಚಿದ್ದು.

ಈ ಪರದೇಶದಲ್ಲಿ, ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ಯಾರ ಮುಖ ಸಪ್ಪಗಾದರೂ ನನಗೆ ಎದೆ ಬಿಗಿಯುತ್ತಿತ್ತು. ಯಾರು ಯಾವ ಕೆಲಸ ಹೇರಿದರೂ 'ಆಗಲ್ಲ' ಎನ್ನಲು ಬಾಯಿ ಬರುತ್ತಿರಲಿಲ್ಲ. ಹೃದಯ ಚೆನ್ನಾಗಿದೆ, ಮನಸ್ಸಿನ ಥೆರಪಿಗೆ ಹೋಗಿ ಎಂದರು ನಮ್ಮ ಜಿಪಿ ಡಾಕ್ಟರು. ಹಾಗೆ ಶುರುವಾಯಿತು, ಸ್ಟ್ರಾಟ್‌ಫರ್ಡ್‌ನ ಮೇಡಂ ಕೋಣೆಯಲ್ಲಿ ಮಂಗಳವಾರದ ಐವತ್ತು ನಿಮಿಷ.

ಮೊದಲ ದಿನವೇ ಚಕ್ಕುಲಿ ಡಬ್ಬಿ ಒಯ್ದಿದ್ದೆ. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದಲ್ಲ! ಮೇಡಂ ಮುಟ್ಟಲಿಲ್ಲ. "ಏನೂ ತರಲಾರದ ಬಂದಿದ್ರ ಏನಾಗ್ತಿತ್ತರಿ?" ಎಂದು ಕೇಳಿದರು. ಇದೂ ಒಂದು ಪ್ರಶ್ನೆಯೇ ಎಂದು ನಕ್ಕುಬಿಟ್ಟೆ. ಮುಂದಿನ ವಾರ ಕೋಡುಬಳೆ, ಅದರ ಮುಂದಿನ ವಾರ ರವೆ ಉಂಡೆ. ಎಲ್ಲವನ್ನೂ ತಿಂದು ದಪ್ಪಗಾದವರು ನನ್ನ ಯಜಮಾನರು.

ಆಗಸ್ಟಿನಲ್ಲಿ ಮೂರು ವಾರ ರಜೆ ಎಂದರು ಮೇಡಂ. "ಆರಾಮಾಗಿ ಹೋಗಿಬನ್ನಿ" ಎಂದ ನಾನು ಮುಂದಿನ ಮಂಗಳವಾರ ಎರಡು ಡಬ್ಬಿ ಒಯ್ದೆ. ಮೇಡಂ ಅವನ್ನೇ ನೋಡುತ್ತಾ, "ನಾ ಬಿಟ್ಟು ಹೊಂಟೀನಿ ಅಂತ ನಿಮಗ ಸಿಟ್ಟು ಬಂದದ. ಸಿಟ್ಟಿನ ಬದಲಿ ಡಬ್ಬಿ ತಂದೀರೇನು?" ಎಂದರು.

ಎಲ್ಲಿತ್ತೋ ಆ ಸಿಟ್ಟು! "ಹೌದು, ಬಂದಿದೆ!" ಎಂದು ಕೂಗಿ ಗೊಳೋ ಎಂದು ಅತ್ತೆ. ಅಳುವಿನ ಹಿಂದೆಯೇ ತುಮಕೂರು ಬಂತು. ಏಳು ವರ್ಷದ ನನ್ನನ್ನು ಓದಲು ಅಲ್ಲಿನ ಸೋದರತ್ತೆಯ ಮನೆಗೆ ಕಳಿಸುವಾಗ, ಪ್ರತಿ ಸಲವೂ ಅಮ್ಮ ಕೈಗೊಂದು ಪೊಟ್ಟಣ ಕೊಟ್ಟು ಹೇಳುತ್ತಿದ್ದಳು: "ಬರಿಗೈಲಿ ಹೋದ್ರೆ ಯಾರು ಇಟ್ಕೋತಾರೆ?"

"ನೀವಿನ್ನೂ ಅತ್ತಿ ಮನಿ ಬಾಗಿಲದಾಗ ನಿಂತೀರಿ," ಎಂದರು ಮೇಡಂ. "ಆಫೀಸಿನ್ಯಾಗೂ ಅದ ಬಾಗಿಲಾ, ನನ್ನ ಮುಂದೂ ಅದ. ಹಳೇದು ಅಳಸ್ಲಿಕ್ಕೆ ಬರೂದಿಲ್ಲರಿ. ಬಂದಾಗ ಗುರ್ತು ಹಿಡದ್ರ, ಬ್ಯಾರೆ ದಾರಿ ತುಳೀಲಿಕ್ಕೆ ಬರ್ತದ."

ಅದನ್ನು ಕಲಿಯಲಿಕ್ಕೇ ಎರಡು ವರ್ಷ ಹಿಡಿಯಿತು. ಆಫೀಸಿನಲ್ಲಿ ಮೊದಲ ಸಲ 'ಆಗಲ್ಲ' ಎಂದ ದಿನ ಆಕಾಶವೇನೂ ಕಳಚಿ ಬೀಳಲಿಲ್ಲ. ಎದೆ ಈಗಲೂ ಒಮ್ಮೊಮ್ಮೆ ಬಿಗಿಯುತ್ತದೆ. ಯಾಕೆಂದು ಗೊತ್ತು, ಅಷ್ಟರಲ್ಲೇ ಸಡಿಲಾಗುತ್ತದೆ. ನಾನೀಗ ಸುಖವಾಗಿದ್ದೇನೆ.

ಮೇಡಂ ಅವರನ್ನು ಕೊನೆಯದಾಗಿ ನೋಡಿದ್ದು ಹೋದ ಚಳಿಗಾಲದಲ್ಲಿ. ಥೆರಪಿಯ ಕೊನೆಯ ದಿನವಲ್ಲವೇ, ಒಂದು ಸ್ವೀಟ್ ಬಾಕ್ಸಾದರೂ ಬೇಡವೇ ಎಂದು ಮೆಟ್ಟಿಲ ಬಳಿ ಕಾಲು ತಡೆಯಿತು. ಬರಿಗೈಯಲ್ಲೇ ಹತ್ತಿ ಬಾಗಿಲು ತಟ್ಟಿದೆ. ಮೇಡಂ ಮೊದಲು ನನ್ನ ಕೈ ನೋಡಿದರು, ಆಮೇಲೆ ಮುಖ. ಪ್ರತಿ ಮಂಗಳವಾರ ಹೇಳುತ್ತಿದ್ದ ಅದೇ ಮಾತನ್ನು ಹೇಳಿದರು:

"ಬರ್ರಿ, ಒಳಗ ಬರ್ರಿ."