ವಲ್ಲಿಯ ಕೆಳಗೆ ಹಾಕಿದ ಓಟು

ಈ ಓಟಿಗೆ ನನಗಾದ ಖರ್ಚು ಪೂರ್ತಿ ಒಂದು ಸಂತೆ. ಓಟಿನ ದಿನವೇ ಅಜ್ಜಂಪುರದ ಸಂತೆ ಬಿತ್ತು. ಬೀರೂರಿನ ಗಿರಾಕಿಗಳು ಕುರಿ ಕೊಳ್ಳಲು ಬರುವ ದಿನ ದಲಾಲಿ ಬಿಟ್ಟು, ಗಾಡಿ ಕಟ್ಟಿಸಿಕೊಂಡು ತರೀಕೆರೆ ಕಚೇರಿಗೆ ಹೋದೆ. ಅಷ್ಟು ಕಳೆದುಕೊಂಡು ಹೋದವನನ್ನು ಕೋಟು ಹಾಕಿದ ಅಧಿಕಾರಿ ಕೇಳಿದ್ದೇನು? "ನೀನು ನೀನೇ ಅಂತ ಹೇಳೋರು ಯಾರಿದ್ದಾರೆ?" ಯಗಟಿಯಲ್ಲಿ ಹುಟ್ಟಿದವನಿಗೆ ಇಂಥ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ. ಅಲ್ಲಿ ನಾಯಿಗಳಿಗೂ ನನ್ನ ಗುರುತಿದೆ.

ಕುರಿ ವ್ಯಾಪಾರಕ್ಕೆ ರೈಲು ಹತ್ತಿರವಿರಲೆಂದು ಯಗಟಿ ಬಿಟ್ಟು ಅಜ್ಜಂಪುರಕ್ಕೆ ಬಂದು ನಿಂತವನು ನಾನು. ಗಾಡಿಯಲ್ಲಿ ಒಂದು ಹಗಲಿನ ದಾರಿ, ಆದರೆ ಲೋಕವೇ ಬೇರೆ. ನಮ್ಮ ಕೆಂಪು ನೆಲ ಮಳೆ ಕುಡಿದು ಸುಮ್ಮನಾಗುತ್ತದೆ. ಇಲ್ಲಿನ ಕಪ್ಪು ನೆಲ, ಇವರ ಬಾಯಲ್ಲಿ ಎರೆ, ಕಾಲಿನ ಮೆಟ್ಟನ್ನೇ ಕಿತ್ತುಕೊಳ್ಳುತ್ತದೆ. ನಮ್ಮಲ್ಲಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಬಂದ ಹೊಸದರಲ್ಲಿ ದವಡೆ ನೋಯುವಂತೆ ರೊಟ್ಟಿ ಅಗಿದು, ಮಾಳಿಗೆಯ ಮೇಲೆ, ಅಂದರೆ ಮಣ್ಣಿನ ಚಪ್ಪಟೆ ಸೂರಿನ ಮೇಲೆ, ಒಬ್ಬನೇ ಮಲಗಿ ತೆಂಗಿನ ಗರಿಯ ಸದ್ದಿಗಾಗಿ ಕಿವಿ ಕೊಟ್ಟದ್ದುಂಟು. ಎರಡೂ ಕಡೆ ಒಂದೇ ಆಗಿದ್ದದ್ದು ಸಂತೆಯ ರೀತಿ. ಬೆಲೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಕೆಳಗೆ ಬೆಲೆಗೆ ತಕ್ಕಷ್ಟು ಬೆರಳು ಹಿಡಿದು ಮುಗಿಸುತ್ತಾರೆ. ಆ ಬೆರಳುಗಳಿಂದಲೇ ದುಡಿದು ಎರಡು ತುಂಡು ಎರೆ ಹೊಲ ಕೊಂಡೆ, ಖಾತೆ ನನ್ನ ಹೆಸರಿಗಾಯಿತು. ಕಂದಾಯ ಕಟ್ಟಿದವನಿಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಓಟೂ ಬಂತು. ಆದರೂ ಊರಿನವರಿಗೆ ನಾನು 'ಯಗಟಿಯವನು'. ಒಮ್ಮೆ ಇಲ್ಲಿಯವನಾಗಿ ಓಟು ಹಾಕಿಬಿಟ್ಟರೆ ಆ ಮಾತು ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ.

ನೆರೆಮನೆಯ ತಿಮ್ಮಜ್ಜನಿಗೂ ಓಟಿತ್ತು. ಸಂತೆಯೂ ಕೈ ತಪ್ಪದಿರಲೆಂದು, "ಅಜ್ಜಾ, ಹೆಂಗೂ ಹೋಗ್ತೀಯಲ್ಲ, ನಂದೂ ಹಾಕ್ಬಿಟ್ಟು ಬಾ" ಎಂದೆ.

"ಲೇ, ಅವರವರ ಓಟು ಅವರವರೇ ಹೋಗಿ ಹಾಕ್ಬೇಕಂತೆ. ಮದ್ವೆಗೆ ನಿನ್ ಬದ್ಲು ಬ್ಯಾರೆಯೋರ್ನ ಕಳ್ಸಿದ್ಯಾ?"

ಹೊರಟೆ. ದಾರಿಯಲ್ಲಿ ಅಜ್ಜನಿಗೆ ಚಿಂತೆ ಹತ್ತಿತು. ಓದು ಬಾರದವರು ತಮ್ಮ ಓಟು ಯಾರಿಗೆಂದು ಅಧಿಕಾರಿಯ ಹತ್ತಿರ ಗುಟ್ಟಾಗಿ ಹೆಸರು ಹೇಳಬೇಕು. ಚುನಾವಣೆಗೆ ನಿಂತಿದ್ದವರು ಇಬ್ಬರು, ಅವರಲ್ಲಿ ಮೊದಲನೆಯವರು ನಮ್ಮ ಪಟೇಲರ ಬೀಗರು. ಅಜ್ಜನ ಮನಸ್ಸು ಎರಡನೆಯವರ ಕಡೆ.

"ನನ್ ಗಂಟ್ಲು ಗೊತ್ತಲ್ಲ. ನಾನು ಪಿಸುಗುಟ್ಟಿದ್ರೆ ಎತ್ತು ತಿರುಗಿ ನೋಡ್ತವೆ. ಗುಟ್ಟು ಹೆಂಗೋ?"

ಸಲಹೆ ಕೊಡುವುದರಲ್ಲಿ ನಾನು ಜಿಪುಣನಲ್ಲ. "ಸಂತೇಲಿ ಮಾಡ್ದಂಗೇ ಮಾಡು. ವಲ್ಲಿ ಹಾಕಿ ಎರಡು ಬೆಳ್ಳು ಹಿಡಿ. ಅವ್ರಿಗೆ ಅರ್ಥ ಆಯ್ತದೆ" ಎಂದೆ.

ಕಚೇರಿಯಲ್ಲಿ ಮೇಜಿನ ಹಿಂದೆ ಅಧಿಕಾರಿ, ಪಕ್ಕದ ಬೆಂಚಿನಲ್ಲಿ ಬಂದವರ ಗುರುತು ಹೇಳಲು ನಮ್ಮ ಪಟೇಲರು. ಅಜ್ಜ ನೇರವಾಗಿ ಹೋಗಿ ಅಧಿಕಾರಿಯ ಬಲಗೈ ಮೇಲೆ ವಲ್ಲಿ ಎಸೆದು ಗಪ್ಪನೆ ಬೆರಳು ಹಿಡಿದ. ಅವರು ಹಾವು ಮುಟ್ಟಿದಂತೆ ಎದ್ದು ನಿಂತರು.

"ಏನಯ್ಯಾ ಇದು? ಲಂಚ ಕೊಡ್ತೀಯಾ?"

"ಬರೀ ಬೆಳ್ಳು ಸ್ವಾಮಿ! ನೀವು ಬಾಯ್ ಬಿಡಬ್ಯಾಡಿ!"

ವಲ್ಲಿ ಕೊಡವಿಸಿದರು. ಉದುರಿದ್ದು ಹೊಗೆಸೊಪ್ಪಿನ ಚೂರು. "ಯಾರು ಹೇಳಿಕೊಟ್ಟಿದ್ದು?" ಎಂದಾಗ ಅಜ್ಜ ಹಿಂದೆ ಮುಂದೆ ನೋಡದೆ ನನ್ನತ್ತ ಬೆರಳು ಮಾಡಿದ. ನಾನು ಹೆಸರು ಹೇಳಿದೆ, ಊರು ಅಜ್ಜಂಪುರ ಎಂದೆ. ಆಗ ಬಂದದ್ದು 'ನೀನು ನೀನೇ ಅಂತ ಹೇಳೋರು ಯಾರು' ಎಂಬ ಆ ಪ್ರಶ್ನೆ.

ಎಲ್ಲರೂ ಪಟೇಲರ ಮುಖ ನೋಡಿದರು. ಆ ಬೇಸಿಗೆಯಲ್ಲಿ ಅವರಿಗೆ ಒಂದು ಎತ್ತು ಕೊಡಿಸಿದ್ದೆ. ಚೌಕಾಸಿಯಲ್ಲಿ ಒಂದು ಬೆರಳನ್ನೂ ಬಿಟ್ಟುಕೊಟ್ಟಿರಲಿಲ್ಲ. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. 'ಗೊತ್ತಿಲ್ಲ' ಎಂದರೆ ಮುಗಿಯಿತು: ಓಟೂ ಹೋಯಿತು, ಅಜ್ಜಂಪುರವೂ ಹೋಯಿತು.

ಪಟೇಲರು ರುಮಾಲು ಸರಿಮಾಡಿಕೊಂಡರು. "ಗೊತ್ತಿಲ್ದೆ ಏನ್ ಸ್ವಾಮಿ! ಎತ್ತಿನ ಯಾಪಾರ್ದಾಗೆ ನನ್ನೇ ಹಿಂಡಿದೋನು. ಆ ಎತ್ತು ಇವತ್ತೂ ಎಡಕ್ಕೇ ಎಳೀತದೆ. ಬ್ಯಾರೆ ಊರೋನಾಗಿದ್ರೆ ಸುಮ್ಕೆ ಬಿಡ್ತಿದ್ನಾ? ನಮ್ಮೂರೋನು, ಏನ್ ಮಾಡದು!"

ಅಧಿಕಾರಿಗೂ ನಗು ಬಂತು. ಪಟೇಲರೂ ಸೇರಿದಂತೆ ಎಲ್ಲರನ್ನೂ ಹೊರಗೆ ಕಳಿಸಿ ಅಜ್ಜನ ಗುಟ್ಟು ಕೇಳಿದರು. ಅಂಗಳದ ಹುಣಸೆಮರದ ಕೆಳಗೆ ನಿಂತಿದ್ದ ನಮಗೆಲ್ಲ ಅದು ಸ್ಪಷ್ಟವಾಗಿ ಕೇಳಿಸಿತು. ಪಟೇಲರು ಮಾತ್ರ ಮರದಲ್ಲಿ ಕಾಯಿ ಎಷ್ಟಿದೆ ಎಂದು ನೋಡುತ್ತಿದ್ದರು. ಆಮೇಲೆ ನಾನೂ ಒಳಗೆ ಹೋಗಿ ಓಟು ಹಾಕಿದೆ.

ಮುಂದೆ ಯಗಟಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, "ಅದ್ಸರಿ, ನಿಮ್ಮೂರಾಗೆ ಯಾರೋ ಗೆದ್ದಿದ್ದು?" ಎಂದಳು. ನಿಮ್ಮೂರು! ಅವಳು ಬಡಿಸಿದ ಮುದ್ದೆಯನ್ನು ಆ ಹೊತ್ತು ನೆಂಟನಂತೆ ಕೂತು ಉಂಡೆ.

ಯಗಟಿ ಬಿಟ್ಟು ಈ ಕಡೆ ಬರಬೇಕೆಂದಿರುವವರು ಕೇಳಿ. ಮನೆ ಹಿಡಿಯುವ ಮುಂಚೆ ಮಾಳಿಗೆ ಹತ್ತಿ ಎಲ್ಲಿ ಸೋರುತ್ತದೆ ನೋಡಿ. ಖಾತೆಯಾದ ಮೇಲೆ ಓಟಿನ ಪಟ್ಟಿಯಲ್ಲಿ ಹೆಸರು ಬಂದಿದೆಯೇ ಎಂದು ಶಾನುಭೋಗರನ್ನು ಎರಡು ಸಲ ವಿಚಾರಿಸಿ. ಹೊಸ ಊರೆಂದು ಎಲ್ಲರಿಗೂ ಹೂಂಗುಟ್ಟುತ್ತ ಕೂರಬೇಡಿ. ಹಾಗಿದ್ದವನ ಮುಖ ಯಾರಿಗೂ ನೆನಪಿರುವುದಿಲ್ಲ. ಚೌಕಾಸಿ ಮಾಡಿ, ಬೈಸಿಕೊಳ್ಳಿ. ಇನ್ನು ವರ್ಷಕ್ಕೊಮ್ಮೆಯಾದರೂ ಯಗಟಿಗೆ ಹೋಗಿ, ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರ ಜೊತೆ ಒಂದಿಷ್ಟು ಕೂಗಾಡಿ ಬನ್ನಿ. 'ಇವನು ನಮ್ಮವನೇ' ಎಂದು ಸಿಟ್ಟಿನಿಂದ ಹೇಳುವವರು ಅಲ್ಲಿಯೂ ಒಬ್ಬರಾದರೂ ಉಳಿದಿರಬೇಕು.