ಫೋಟೋದಲ್ಲಿ ಸಣಕಲಾದ ತೇಗ

2023ರ ಬೇಸಿಗೆ. ಶಿವಮೊಗ್ಗದ ಸಾಮಿಲ್ಲಿನಲ್ಲಿ ದಿಮ್ಮಿ ಹೊತ್ತು ಕೆಲಸ ಶುರುಮಾಡಿದ ನಾನು ಆ ಹೊತ್ತಿಗೆ ಖಾಸಗಿ ತೋಪುಗಳ ಮರ ಅಳೆದು ಅಂದಾಜು ಕೊಡುವವನಾಗಿದ್ದೆ. ಭದ್ರಾವತಿ ಜನ್ನಾಪುರದ ನಾಗರತ್ನಮ್ಮನವರಿಗೆ ಮಲವಗೊಪ್ಪದ ಆಚೆ ತೇಗದ ತೋಪಿತ್ತು. ಅವರೂ ಕೊಳ್ಳುವ ವ್ಯಾಪಾರಿಯೂ ನನ್ನ ಅಳತೆಗೆ ಒಪ್ಪಿದ್ದರು. ಸರಾಸರಿ ಸುತ್ತಳತೆ ಕಡಿಮೆ ಬಂದರೆ ಇಡೀ ತೋಪು ಕೆಳದರ್ಜೆಯ ರೇಟಿಗೆ ಹೋಗುತ್ತಿತ್ತು.

ಎಲ್ಲ ಮರಗಳನ್ನೂ ಅಳೆಯುವುದಿಲ್ಲ. ಅಲ್ಲಲ್ಲಿ ಸಣ್ಣ ತುಂಡು ಜಾಗಗಳನ್ನು ಸ್ಯಾಂಪಲ್ ಪ್ಲಾಟ್ ಎಂದು ಗುರುತು ಮಾಡಿ, ಅದರೊಳಗಿನ ಮರಗಳಿಗೆ ಒಂದು ಮೀಟರಿನ ಕಬ್ಬಿಣದ ಸರಳು ತಾಗಿಸಿ ನಿಲ್ಲಿಸಿ, ಆರು ಮೀಟರ್ ದೂರದಿಂದ ಫೋಟೋ ತೆಗೆಯುತ್ತೇವೆ. ಚಿತ್ರದಲ್ಲಿ ಸರಳಿಗೆ ಹೋಲಿಸಿದರೆ ಮರದ ದಪ್ಪ, ಅದರಿಂದ ಸುತ್ತಳತೆ ಸಿಗುತ್ತದೆ. ಒಂದೆರಡಕ್ಕೆ ಬಟ್ಟೆಯ ಟೇಪ್ ಸುತ್ತಿ ತಾಳೆ ನೋಡಿದರಾಯಿತು.

ಆ ತಾಳೆಯೇ ಆಗಲಿಲ್ಲ. ಟೇಪಿನಲ್ಲಿ 120 ಸೆಂಟಿಮೀಟರ್ ಇದ್ದ ಮರ ಫೋಟೋದಲ್ಲಿ 100! ಹಿಂದಿನ ವಾರ ಹೊಳೆಹೊನ್ನೂರಿನಲ್ಲಿ ಇದೇ ಫೋನು, ಇದೇ ಸರಳು ಸರಿಯಾಗಿದ್ದವು. ಲೆನ್ಸ್ ಒರೆಸಿದೆ, ಟೇಪ್ ಬದಲಿಸಿದೆ, ಫೋನನ್ನೇ ಬದಲಿಸಿದೆ. ಮತ್ತೆ ಅದೇ 100. ತಲೆ ಕೆಟ್ಟುಹೋಯಿತು.

ವಿಷಯ ತಿಳಿಸಿದರೆ ವ್ಯಾಪಾರಿ ಫೋನಿನಲ್ಲಿ, "ಫೋಟೋ ಸುಳ್ಳು ಹೇಳಲ್ಲ ಸಾರ್, ಅದನ್ನೇ ಬರೀರಿ" ಎಂದ. ಎದುರಿಗಿದ್ದ ನಾಗರತ್ನಮ್ಮ ಸುಮ್ಮನಿರುತ್ತಾರೆಯೇ? "ಏನ್ ಮಾರಾಯ, ನಿನ್ನ ಫೋನು ನನ್ನ ಮರಾನ ಉಪವಾಸ ಕೆಡವ್ತಾ?"

ನೀರು ಕುಡಿಯಲು ಪಕ್ಕಕ್ಕೆ ಸರಿದವನು ಹಾಗೇ ನಿಂತುಬಿಟ್ಟೆ. ಸರಳು ಹಿಡಿಯುವ ನಮ್ಮ ಚಂದ್ರಣ್ಣ ಮರಕ್ಕಿಂತ ಒಂದು ಮೀಟರ್ ಮುಂದೆ ನಿಂತಿದ್ದ. ಎದುರಿನಿಂದ ಆ ಸಂದು ಕಾಣುತ್ತಲೇ ಇರಲಿಲ್ಲ. ಫೋನಿಗೆ ಹತ್ತಿರವಿದ್ದ ಸರಳು ದೊಡ್ಡದಾಗಿ ಕಂಡು ಮರ ಸಣ್ಣದಾಗಿತ್ತು.

"ತಾಗಿಸಿ ಹಿಡಿಯೋ ಅಂದ್ರೆ ಅಲ್ಲೇನ್ ಮಾಡ್ತಿದ್ದೀಯ?"

"ಕಬ್ಬಿಣ ತಾಗಿಸಬೇಡ ಅಂದ್ರಲ್ಲ ಸಾರ್, ಅಮ್ಮಾವ್ರು."

ನಾಗರತ್ನಮ್ಮನ ಮುಖ ನೋಡಿದೆ. "ಹೌದು, ನಾನೇ ಹೇಳಿದ್ದು. ಕಡಿಯೋ ದಿನ ಚೌಡಮ್ಮಂಗೆ ಪೂಜೆ ಮಾಡಿ ಅಪ್ಪಣೆ ತಗೋತೀವಿ. ಅಲ್ಲೀವರೆಗೂ ನಮ್ಮ ಮರಕ್ಕೆ ಕಬ್ಬಿಣ ಸೋಕಬಾರದು."

"ಅದನ್ನ ನಂಗೆ ಹೇಳಬಾರದಿತ್ತಾ ಅಮ್ಮ?"

"ನೀನೆಲ್ಲಿ ಕೇಳಿದೆ? ಬಂದವನೇ ಫೋನ್ ತೆಗೆದೆ!"

ಪಕ್ಕದ ಮೆಳೆಯಿಂದ ಬಿದಿರು ತಂದು, ಸರಿಯಾಗಿ ಒಂದು ಮೀಟರಿಗೆ ಕತ್ತರಿಸಿ, ಎಲ್ಲ ಫೋಟೋ ಮತ್ತೆ ತೆಗೆದೆವು. ಆ ಮರ 119 ತೋರಿಸಿತು. ತೋಪು ಮೇಲ್ದರ್ಜೆಯಲ್ಲೇ ಉಳಿಯಿತು. ವ್ಯಾಪಾರಿ ಗೊಣಗಿಕೊಂಡೇ ಒಪ್ಪಿದ.

ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಮಾತು. ಫೋಟೋ ನಂಬುವ ಮೊದಲು ಮರದ ಮಗ್ಗುಲಿಗೆ ಹೋಗಿ ನಿಂತು ನೋಡಿ. ಅದಕ್ಕೂ ಮೊದಲು, ಬ್ಯಾಗಿನ ಜಿಪ್ ಎಳೆಯದೆ, "ಇಲ್ಲಿ ಏನು ಮಾಡಬಾರದು?" ಎಂದು ತೋಪಿನವರನ್ನು ಕೇಳಿ. ನನ್ನ ಕಬ್ಬಿಣದ ಸರಳು ಈಗ ಅಟ್ಟದ ಮೇಲಿದೆ. ಕೈಯಲ್ಲಿರುವುದು ಅದೇ ಬಿದಿರು.